ಹಿಂದಿನ ಸೀಟಿನ ತಪಾಸಣೆ

ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರರಿಗೆ ಪೇಟೆಯವರು ಇಟ್ಟ ಹೆಸರು ತಕ್ಕಡಿ ಸಾಹೇಬರು. ಎದುರಿಗೆ ಬರೀ ಸಾಹೇಬರು, ಬೆನ್ನ ಹಿಂದೆ ಬರೀ ತಕ್ಕಡಿ. ಎರಡೂ ಅವರಿಗೆ ಗೊತ್ತಿತ್ತು, ಎರಡರ ಬಗ್ಗೆಯೂ ಒಳಗೊಳಗೇ ಹೆಮ್ಮೆಯಿತ್ತು. ಹಿತ್ತಾಳೆಯ ತೂಕದ ಕಲ್ಲುಗಳಿದ್ದ ಮರದ ಪೆಟ್ಟಿಗೆ ಹಿಡಿದು ಅವರು ಬೀದಿಗೆ ಇಳಿದರೆಂದರೆ, ತರಕಾರಿಯವಳ ಕೈತಕ್ಕಡಿಯಿಂದ ಹಿಡಿದು ಗುಜರಿ ಅಂಗಡಿಯ ದೊಡ್ಡ ಕಾಟಾದವರೆಗೆ ಎಲ್ಲದರ ಮುಳ್ಳೂ ಮೈ ಸರಿಮಾಡಿಕೊಂಡು ನೆಟ್ಟಗೆ ನಿಲ್ಲುತ್ತಿತ್ತು. ಅವರ ಒಂದು ಮಾತು ಪೇಟೆಗೆಲ್ಲ ಬಾಯಿಪಾಠ.

“ಖಾಲಿ ಇದ್ದಾಗ ಎಲ್ಲ ತಕ್ಕಡೀನೂ ಸಾಚಾನೇ ಕಣಯ್ಯಾ. ಭಾರ ಹಾಕು, ಆಮೇಲೆ ಮಾತಾಡೋಣ.”

ಭಾರ ಹಾಕಿ ನೋಡದೆ ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಅವರು ಯಾವುದಕ್ಕೂ ಸೀಲು ಒತ್ತಿದವರಲ್ಲ.

ಇಷ್ಟು ನಿಷ್ಠುರ ಮನುಷ್ಯರಿಗೆ ಒಂದೇ ಒಂದು ಮೋಹ, ಅವರ ಬೈಕು. ದೂರ ಪ್ರಯಾಣಕ್ಕೆಂದೇ ಮಾಡಿದ, ಎತ್ತಿನ ಮೈಕಟ್ಟಿನ, ಇಪ್ಪತ್ತೆರಡು ವರ್ಷದ ಗಾಡಿ. ಓಡಿದ್ದು ಒಂದು ಲಕ್ಷ ನಲವತ್ತಾರು ಸಾವಿರ ಕಿಲೋಮೀಟರ್. “ಇನ್ನೂ ಇಟ್ಕೊಂಡಿದೀರಾ ಸಾರ್?” ಎಂದು ಯಾರಾದರೂ ತಿಳಿಯದೆ ಕೇಳಿಬಿಟ್ಟರೆ ಕೇಳಿದವರ ಮಧ್ಯಾಹ್ನ ಹೋಯಿತು ಅಂತಲೇ ಲೆಕ್ಕ. ಎಂಜಿನ್ ಎಣ್ಣೆಯನ್ನು ಎಷ್ಟು ಸಾವಿರಕ್ಕೆ ಬದಲಿಸಬೇಕು, ಕಂಪನಿಯ ಪುಸ್ತಕ ಎಷ್ಟು ಹೇಳುತ್ತದೆ, ಆ ಪುಸ್ತಕ ಬರೆದವನಿಗೆ ಯಾಕೆ ಏನೂ ಗೊತ್ತಿಲ್ಲ ಎಂಬುದನ್ನು ಸಾಹೇಬರು ಮೊದಲಿನಿಂದ ವಿವರಿಸುತ್ತಿದ್ದರು. ಭಾನುವಾರ ಬೆಳಿಗ್ಗೆ ಚೈನು ತೊಳೆದು ಎಣ್ಣೆ ಬಿಡುವಾಗ ಅವರ ಮುಖದಲ್ಲಿ ಮಗುವಿಗೆ ಸ್ನಾನ ಮಾಡಿಸುವವರ ಕಳೆ ಇರುತ್ತಿತ್ತು.

ವರ್ಷಕ್ಕೊಂದು ಹೊಸ ಸೌಕರ್ಯ ಆ ಗಾಡಿಗೆ ಸೇರುತ್ತಿತ್ತು. ಎದೆಗೆ ಗಾಳಿ ಹೊಡೆಯಬಾರದೆಂದು ಮುಂದೆ ಎತ್ತರದ ಗಾಜು ಬಂತು. ಬೆನ್ನು ಬಾಗಬಾರದೆಂದು ಹ್ಯಾಂಡಲ್ ಎರಡು ಇಂಚು ಮೇಲೇರಿತು. ಸವಾರನ ಸೀಟಿಗೆ ಜೆಲ್ ತುಂಬಿದ ಮೆತ್ತೆ, ಕಣ್ಣು ಕೋರೈಸುವ ಎಲ್‌ಇಡಿ ದೀಪ, ಗಂಭೀರವಾಗಿ ಕೆಮ್ಮುವ ಹೊಸ ಸೈಲೆನ್ಸರ್, ಎರಡೂ ಪಕ್ಕಕ್ಕೆ ಕಬ್ಬಿಣದ ಪೆಟ್ಟಿಗೆ, ತಿರುವಿನಲ್ಲಿ ಹಿಂಭಾಗ ತೊನೆಯದಂತೆ ಬಿಗಿಮಾಡಿದ ಶಾಕ್ ಅಬ್ಸಾರ್ಬರ್. ಇದನ್ನೆಲ್ಲ ಕೂರಿಸಿಕೊಟ್ಟವನು ಮೆಕ್ಯಾನಿಕ್ ಪಾನಾ. ಅವನ ಸ್ಪ್ಯಾನರಿಗೆ ಬಿಚ್ಚಲಾಗದ ನಟ್ಟಿಲ್ಲವೆಂದು ಬಂದ ಹೆಸರು ಅದು. ಹುಟ್ಟಿನ ಹೆಸರು ಅವನ ಗ್ಯಾರೇಜಿನ ಬೋರ್ಡಿನಲ್ಲೂ ಇರಲಿಲ್ಲ.

ವರ್ಷಕ್ಕೊಮ್ಮೆ, ಶಾಲೆಗೆ ರಜೆ ಬಂದೊಡನೆ, ಸಾಹೇಬರು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಒಂಬತ್ತು ದಿನ ಹೊರಟುಬಿಡುತ್ತಿದ್ದರು. ಆಕೆ ನಾಲ್ಕನೇ ತರಗತಿಯ ಟೀಚರು. ಹೆಲ್ಮೆಟ್ಟಿನ ಸಂದಿಯಿಂದ ಅವರ ಕಿವಿಗೆ ದಾರಿಯುದ್ದಕ್ಕೂ ಮಾತು ಸುರಿಯುತ್ತಲೇ ಇರುತ್ತಿತ್ತು: ಹೆಡ್‌ಮಾಸ್ಟರರ ಹೊಸ ಕನ್ನಡಕ, ಭಾಗಾಕಾರ ಎಂದರೆ ಹೊಟ್ಟೆನೋವು ಬರುವ ಹುಡುಗಿ, ದಾರಿಬದಿಯ ಬೋರ್ಡುಗಳ ಕಾಗುಣಿತದ ತಪ್ಪು. ಹೀಗೆ ಇಪ್ಪತ್ತೊಂದು ಪ್ರವಾಸ ಆಗಿತ್ತು. ಒಬ್ಬರೇ ಸಾಹೇಬರು ಊರಾಚೆಯ ಸೇತುವೆ ದಾಟಿದ್ದಿಲ್ಲ.

ಈ ವರ್ಷ ಹೊರಡಲು ಹನ್ನೆರಡು ದಿನ ಇತ್ತು. ಸಾಹೇಬರು ಊಟದ ಮೇಜಿನ ಮೇಲೆ ನಕ್ಷೆ ಹರಡಿ ಸಮುದ್ರದ ದಾರಿಗೆ ಪೆನ್ಸಿಲ್ ಎಳೆಯುತ್ತಿದ್ದರು. ಟೀಚರಮ್ಮ ಬಂದು ಆ ಗೆರೆಯ ಮೇಲೆ ಒಂದು ಚೀಟಿ ಇಟ್ಟರು.

“ಏನಿದು?”

“ಬಸ್ ಟಿಕೆಟ್. ಏಳನೇ ನಂಬರು, ಕಿಟಕಿ ಪಕ್ಕ. ಸೀಟು ಹಿಂದಕ್ಕೆ ಬಾಗುತ್ತಂತೆ.”

“ಯಾರಿಗೆ?”

“ನನಗೆ. ನೀವು ನಿಮ್ಮ ಗಾಡೀಲಿ ಬನ್ನಿ, ನಾನು ಬಸ್ಸಲ್ಲಿ ಬರ್ತೀನಿ. ಅಲ್ಲೇ ಸಿಗೋಣ. ಮೊದಲು ಹೋದೋರು ರೂಮಿನ ಬೀಗ ತೆಗೆಸಿರೋದು.”

ಸಾಹೇಬರು ನಗಲು ನೋಡಿದರು. ನಗು ಅರ್ಧ ದಾರಿಯಲ್ಲಿ ಕೆಟ್ಟು ನಿಂತಿತು. “ಅಲ್ವೇ, ಗಾಡೀಲಿ ಏನು ಕಮ್ಮಿ ಮಾಡಿದೀನಿ ಹೇಳು. ಮುಂದಿನ ಗಾಜು...”

“ಮುಂದಿನ ಅಂದ್ರಲ್ಲ, ಅಲ್ಲಿಗೇ ನಿಲ್ಲಿಸಿ. ಇಪ್ಪತ್ತೆರಡು ವರ್ಷದಲ್ಲಿ ಆ ಗಾಡೀಲಿ ಬದಲಾಗದೆ ಇರೋದು ಎರಡೇ. ಒಂದು ಹಿಂದಿನ ಸೀಟು, ಇನ್ನೊಂದು ಅದರ ಮೇಲೆ ಕೂರೋ ನಾನು.”

“ಹಿಂದಿನ ಸೀಟಿಗೆ ಏನಾಗಿದೆಯೇ? ಒಂದು ಗೀರು ಬಿದ್ದಿಲ್ಲ.”

“ಭಾರ ಹಾಕಿ ನೋಡಿದೀರಾ?” ಎಂದು ಕೇಳಿ ಟೀಚರಮ್ಮ ಅಡುಗೆಮನೆಗೆ ಹೋದರು.

ಆ ರಾತ್ರಿ ಸಾಹೇಬರ ಕಣ್ಣಮುಂದೆ ಒಂದೇ ಚಿತ್ರ. ಮುಂದೆ ಬಸ್ಸು, ಏಳನೇ ನಂಬರಿನ ಕಿಟಕಿಯಲ್ಲಿ ಹೆಂಡತಿಯ ತಲೆ, ಆ ತಲೆ ಪಕ್ಕದ ಸೀಟಿನ ಯಾರಿಗೋ ಭಾಗಾಕಾರದ ಹುಡುಗಿಯ ಕಥೆ ಹೇಳುತ್ತಿದೆ. ಹಿಂದೆ ಬಸ್ಸಿನ ಹೊಗೆ ಕುಡಿಯುತ್ತ, ಕಿವಿಯಲ್ಲಿ ಬರೀ ಗಾಳಿ ತುಂಬಿಕೊಂಡು, ತಾವು. ಒಂಬತ್ತು ದಿನ ಹಾಗೆ ಹೋಗುವುದಕ್ಕಿಂತ ಗಾಡಿಯನ್ನು ಗುಜರಿಗೆ ಹಾಕಿ ಕಾಟಾದ ಮೇಲೆ ತಾವೇ ತೂಗಿಸುವುದು ವಾಸಿ ಅನ್ನಿಸಿತು. ಆ ಟಿಕೆಟ್ ರದ್ದಾಗಲೇಬೇಕಿತ್ತು.

ಸಾಹೇಬರು ಕೆಲಸಕ್ಕೆ ಇಳಿದದ್ದು ತಮ್ಮ ಇಲಾಖೆಯ ರೀತಿಯಲ್ಲೇ. ಮರುದಿನ ಸಂಜೆ ಪಾನಾನ ಗ್ಯಾರೇಜಿಗೆ ಒಂದು ಮೂಟೆ ಮರಳು ತರಿಸಿ, ಐವತ್ತೆಂಟು ಕಿಲೋಗೆ ಒಂದು ಗ್ರಾಮೂ ತಪ್ಪದಂತೆ ತೂಗಿ, ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದು, ಇಪ್ಪತ್ತು ಕಿಲೋಮೀಟರ್ ಓಡಿಸಿಕೊಂಡು ಬಂದರು. ಮನೆಯ ಗೇಟಿನಲ್ಲಿ ಮೂಟೆ ಸಮೇತ ನಿಂತು ವರದಿ ಒಪ್ಪಿಸಿದರು.

“ಭಾರ ಹಾಕಿ ನೋಡಿದೆ. ಒಂದು ಚೂರು ಅಲುಗಾಡಲಿಲ್ಲ.”

“ಎಷ್ಟು ಭಾರ?”

“ಐವತ್ತೆಂಟು. ನಿನ್ನಷ್ಟೇ.”

“ನಾನು ಅರವತ್ತಾರು,” ಎಂದರು ಟೀಚರಮ್ಮ. “ಐವತ್ತೆಂಟು ಮದುವೆ ದಿನ ಇದ್ದದ್ದು. ಇಷ್ಟು ವರ್ಷ ಹೊತ್ಕೊಂಡು ತಿರುಗಿದೀರಿ, ಎಂಟು ಕಿಲೋ ವ್ಯತ್ಯಾಸ ಗೊತ್ತಾಗಲಿಲ್ವಾ? ಪಾಪ, ತರಕಾರಿಯವಳಿಗೆ ಐವತ್ತು ಗ್ರಾಮಿಗೆ ನೋಟಿಸು ಕೊಡ್ತೀರಿ.”

ಸಾಹೇಬರು ಹಗ್ಗ ಬಿಚ್ಚತೊಡಗಿದರು.

“ಹೋಗ್ಲಿ, ಆ ಮೂಟೆಗೆ ಮಂಡಿ ಇತ್ತಾ?”

ಇದಕ್ಕೆ ಇಲಾಖೆಯ ಕೈಪಿಡಿಯಲ್ಲಿ ಉತ್ತರವಿರಲಿಲ್ಲ. ಉತ್ತರ ಕೊಟ್ಟವನು ಪಾನಾ, ಮರುದಿನ ಗ್ಯಾರೇಜಿನಲ್ಲಿ, ಅದೂ ಕಾರ್ಬ್ಯುರೇಟರಿನೊಳಗೆ ಮುಖ ಹುದುಗಿಸಿಕೊಂಡೇ. “ಸಾಹೇಬ್ರೇ, ನೀವೇ ಹಿಂದೆ ಕೂತ್ಕೊಳ್ಳಿ. ನಾನು ಓಡಿಸ್ತೀನಿ. ಸೇತುವೆ ತನಕ ಹೋಗಿ ಬರೋಣ, ಒಟ್ಟು ನಲವತ್ತು ಕಿಲೋಮೀಟರ್.”

“ನಾನಾ? ಹಿಂದೆಯಾ?”

“ಅಮ್ಮಾವ್ರು ಕೂತಿಲ್ವಾ?”

ಸ್ವಂತ ಗಾಡಿಯ ಹಿಂದಿನ ಸೀಟಿನಲ್ಲಿ ಸಾಹೇಬರು ಒಮ್ಮೆಯೂ ಕೂತಿರಲಿಲ್ಲ. ರಾಜನಿಗೆ ರಥದ ಹಿಂದೆ ಏನು ಕೆಲಸ. ಪೇಟೆ ಬಿಟ್ಟು ಹಿಂದಿನ ಬೀದಿಯಿಂದ ಹೋಗೋಣ ಎಂದು ಅವರು ಹೇಳುವಷ್ಟರಲ್ಲಿ ಪಾನಾ ಪೇಟೆಯೊಳಗೇ ನುಗ್ಗಿಯಾಗಿತ್ತು.

“ಅಯ್ಯೋ, ಸಾಹೇಬ್ರನ್ನ ಎಲ್ಲಿಗೆ ಕರ್ಕೊಂಡು ಹೋಗ್ತಿದೀಯೋ ಪಾನಾ?” ಎಂದು ಕೂಗಿದಳು ತರಕಾರಿಯವಳು.

“ತಪಾಸಣೆಗೆ,” ಎಂದ ಪಾನಾ.

“ಇವತ್ತು ಯಾರದ್ದು?”

“ಅವರದ್ದೇ.”

ಪೇಟೆ ದಾಟುವ ಹೊತ್ತಿಗೆ ಸಾಹೇಬರ ಕಿವಿ ಕೆಂಪಾಗಿತ್ತು. ಊರು ದಾಟಿದ ಮೇಲೆ ಕಿವಿಯ ಚಿಂತೆ ಹೋಯಿತು. ಉಳಿದ ಅಂಗಗಳು ಒಂದೊಂದಾಗಿ ಅಹವಾಲು ಸಲ್ಲಿಸತೊಡಗಿದವು. ಮುಂದಿನ ಎತ್ತರದ ಗಾಜು ಗಾಳಿಯನ್ನು ತಡೆಯುತ್ತಲೇ ಇರಲಿಲ್ಲ. ಸವಾರನ ತಲೆ ದಾಟಿಸಿ, ಪೂರ್ತಿ ಗಂಟುಕಟ್ಟಿ ಹಿಂದೆ ಕೂತವನ ಮುಖಕ್ಕೆ ಎಸೆಯುತ್ತಿತ್ತು. ಪಕ್ಕದ ಪೆಟ್ಟಿಗೆಗಳು ಕಾಲಿಡುವ ಜಾಗ ತಿಂದಿದ್ದರಿಂದ ಮಂಡಿಗಳು ಕಪ್ಪೆಯ ಹಾಗೆ ಎರಡು ದಿಕ್ಕಿಗೆ ತಿರುಗಿ ನಿಂತವು. ಗಂಭೀರವಾಗಿ ಕೆಮ್ಮುವ ಸೈಲೆನ್ಸರ್ ಬಲಗಾಲಿನ ಹಿಮ್ಮಡಿಯನ್ನು ನಿಧಾನವಾಗಿ ಬೇಯಿಸುತ್ತಿತ್ತು. ತಿರುವಿನಲ್ಲಿ ತೊನೆಯದಂತೆ ಬಿಗಿದ ಶಾಕ್ ಅಬ್ಸಾರ್ಬರ್, ರಸ್ತೆಯ ಪ್ರತಿ ಹಳ್ಳದ ಸುದ್ದಿಯನ್ನು ಸೊಂಟಕ್ಕೆ ಖುದ್ದಾಗಿ ತಲುಪಿಸುತ್ತಿತ್ತು. ಮುಂದೆ ಕೂತವನಿಗೆ ಕೊಟ್ಟ ಒಂದೊಂದು ಸುಖದ ಬಿಲ್ಲೂ ಹಿಂದಿನ ಸೀಟಿಗೇ ಬಂದಿತ್ತು. ಇಷ್ಟು ವರ್ಷ ಈ ತಕ್ಕಡಿಯ ಒಂದೇ ತಟ್ಟೆ ನೋಡಿಕೊಂಡು ಸೀಲು ಒತ್ತಿದವರು ತಾವು.

ಹದಿನೈದನೇ ಕಿಲೋಮೀಟರಿನಲ್ಲಿ ತಡೆಯಲಾಗದೆ ಅವರು ಪಾನಾನ ಬೆನ್ನಿಗೆ ಎರಡು ಬಾರಿ ತಟ್ಟಿದರು. ಪಾನಾ ಖುಷಿಯಿಂದ ಹೆಬ್ಬೆರಳು ಎತ್ತಿ ತೋರಿಸಿ ಇನ್ನೂ ಜೋರು ಮಾಡಿದ. ಸಾಹೇಬರಿಗೆ ಆಗ ಹೊಳೆಯಿತು. ಹೆಂಡತಿ ಬೆನ್ನು ತಟ್ಟಿದಾಗಲೆಲ್ಲ ಭೇಷ್ ಅಂದಳು ಎಂದುಕೊಂಡು ತಾವು ಮಾಡಿದ್ದೂ ಇದನ್ನೇ.

ಮನೆಯ ಮುಂದೆ ಗಾಡಿ ನಿಂತಾಗ ಅವರಿಗೆ ಇಳಿಯಲಾಗಲಿಲ್ಲ. ಬಲಗಾಲು ಪೆಟ್ಟಿಗೆಯ ಮೇಲೆ ಸಿಕ್ಕಿಕೊಂಡಿತು, ಎಡಗಾಲು ಜೋಮು ಹಿಡಿದಿತ್ತು. ಪಾನಾ ಒಂದು ಕಡೆಯಿಂದ, ಟೀಚರಮ್ಮ ಇನ್ನೊಂದು ಕಡೆಯಿಂದ ಹಿಡಿದು, ಲಾರಿಯ ಮೇಲಿಂದ ಬೀರು ಇಳಿಸಿದ ಹಾಗೆ ಇಳಿಸಿದರು.

“ಹೇಗಿತ್ತು?” ಎಂದರು ಟೀಚರಮ್ಮ.

ಸಾಹೇಬರು ಕುಂಟುತ್ತ ಒಳಗೆ ಹೋಗಿ, ಇಲಾಖೆಯ ನೋಟಿಸಿನ ಮಾದರಿಯಲ್ಲೇ ಬಿಳಿ ಹಾಳೆಯ ಮೇಲೆ ಗೆರೆ ಎಳೆದು, ಮಾಲೀಕರ ಹೆಸರಿನ ಜಾಗದಲ್ಲಿ ತಮ್ಮ ಹೆಸರು ಬರೆದು, ಹನ್ನೊಂದು ದೋಷಗಳನ್ನು ನಮೂದಿಸಿ, ಸರಿಪಡಿಸಲು ಏಳು ದಿನದ ಗಡುವು ಕೊಟ್ಟು ತಂದು ಹೆಂಡತಿಯ ಕೈಗಿಟ್ಟರು. ತಪಾಸಣಾಧಿಕಾರಿಯ ಸಹಿಯ ಜಾಗ ಖಾಲಿಯಿತ್ತು.

ಟೀಚರಮ್ಮ ಓದಿ, ಕೆಂಪು ಪೆನ್ನು ತೆಗೆದು, ಎರಡು ಕಾಗುಣಿತ ತಿದ್ದಿ, ಹನ್ನೆರಡನೆಯದೊಂದು ಸೇರಿಸಿದರು: ಬೆನ್ನು ಒರಗಿಸಲು ಏನೂ ಇಲ್ಲ. ಆಮೇಲೆ ಸಹಿ ಹಾಕಿದರು. ಟಿಕೆಟ್ ಮಾತ್ರ ಪರ್ಸಿನಲ್ಲೇ ಇತ್ತು.

ಆ ವಾರ ಪಾನಾನ ಗ್ಯಾರೇಜಿನಲ್ಲಿ ಬೇರೆ ಗಾಡಿಗಳಿಗೆ ಜಾಗವಿರಲಿಲ್ಲ. ಕಾಲಿಡುವ ಕಂಬಿಗಳು ಎರಡು ಇಂಚು ಕೆಳಗಿಳಿದವು, ಪೆಟ್ಟಿಗೆಗಳು ಒಂದು ಗೇಣು ಹಿಂದೆ ಸರಿದವು, ಸೈಲೆನ್ಸರಿಗೆ ತಗಡಿನ ಹೊದಿಕೆ ಬಂತು, ಶಾಕ್ ಅಬ್ಸಾರ್ಬರ್ ಹೊಸದಾಗಿ ಬಂದು ಮೆತ್ತಗೆ ಕೂತಿತು. ಹಳೆಯ ಸೀಟಿನ ಹೊಲಿಗೆ ಬಿಚ್ಚಿ ನೋಡಿದರೆ ಒಳಗಿನ ಸ್ಪಂಜು ರೊಟ್ಟಿಯ ಹಾಗೆ ತೆಳ್ಳಗಾಗಿತ್ತು. ಸೋಫಾ ಹೊಲಿಯುವವನು ಬಂದು ಅಗಲವಾದ ಹೊಸ ಸೀಟು, ಬೆನ್ನಿಗೊಂದು ದಿಂಬು, ಪಕ್ಕಕ್ಕೆ ಎರಡು ಕೈ ಹೊಲಿದುಕೊಟ್ಟ. ಸಾಹೇಬರಿಗೆ ನಿಂತು ನೋಡಲಾಗದ್ದು ಒಂದೇ ಕೆಲಸ, ಮುಂದಿನ ಗಾಜನ್ನು ನಾಲ್ಕು ಇಂಚು ಕತ್ತರಿಸುವುದು. ಆಗ ಅವರು ಬೀದಿಗೆ ಹೋಗಿ ನಿಂತಿದ್ದರು.

ಶಾಲೆ ಬಿಟ್ಟೊಡನೆ ಟೀಚರಮ್ಮ ಗ್ಯಾರೇಜಿಗೆ ಬರುತ್ತಿದ್ದರು. ಸ್ಟ್ಯಾಂಡು ಹಾಕಿದ ಗಾಡಿಯ ಹಿಂದಿನ ಸೀಟನ್ನೇರಿ ಗಣಿತದ ಉತ್ತರ ಪತ್ರಿಕೆ ತಿದ್ದುತ್ತ ಒಂದು ಗಂಟೆ ಕೂರುತ್ತಿದ್ದರು. ಅದು ಭಾರ ಪರೀಕ್ಷೆ. ಸಾಹೇಬರು ನೋಟಿಸು ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದರು.

“ಎಡಗಡೆ ಸ್ವಲ್ಪ ಗಟ್ಟಿ.”

“ಪಾನಾ, ಎಡಗಡೆ ಗಟ್ಟಿಯಂತೆ.”

“ನನಗೂ ಕೇಳಿಸ್ತು ಸಾಹೇಬ್ರೇ. ಅಮ್ಮಾವ್ರೇ, ಸಮುದ್ರ ಅಂದ್ರೆ ಎಷ್ಟು ದೊಡ್ಡದಿರುತ್ತೆ? ಇಷ್ಟೊಂದು ಗಾಡಿ ಅಲ್ಲಿಗೆ ಕಳಿಸಿದೀನಿ, ಒಂದೂ ಬಂದು ಸರಿಯಾಗಿ ಹೇಳಲಿಲ್ಲ.”

“ನೀನೇ ಹೋಗಿ ನೋಡ್ಬೇಕಪ್ಪಾ,” ಎಂದರು ಟೀಚರಮ್ಮ, ಯಾರದೋ ಭಾಗಾಕಾರಕ್ಕೆ ಕಾಲು ಅಂಕ ಹೆಚ್ಚು ಕೊಡುತ್ತ.

ಬಸ್ಸು ಹೊರಡಲು ಎರಡು ದಿನವಿದ್ದಾಗ, ಭಾನುವಾರ ಬೆಳಿಗ್ಗೆ, ಕೊನೆಯ ಪರೀಕ್ಷೆ. ಸೇತುವೆಯವರೆಗೆ ಹೋಗಿ ಬರುವುದು. ಅಲ್ಲಿ ಟೀಚರಮ್ಮ ತೀರ್ಪು ಕೊಡುವುದು. ಸಾಹೇಬರು ಹಾಲಿನ ಪಾತ್ರೆ ಹೊತ್ತವರ ಹಾಗೆ ಗಾಡಿ ಓಡಿಸಿದರು. ಹೆಡ್‌ಮಾಸ್ಟರರ ವಿಷಯ ಮೊದಲ ಐದು ಕಿಲೋಮೀಟರ್ ಬಂತು. ಭಾಗಾಕಾರದ ಹುಡುಗಿ ಪಾಸಾದ ಸುದ್ದಿ ಎಂಟನೆಯದರಲ್ಲಿ ಬಂತು. ಹನ್ನೆರಡನೆಯದರಲ್ಲಿ ಮಾತು ನಿಂತಿತು.

ಸಾಹೇಬರು ಕಾದರು. ಒಂದು ಬೋರ್ಡಿನಲ್ಲಿ ಎರಡು ಅಕ್ಷರ ತಪ್ಪಿದ್ದವು. ಹಿಂದಿನಿಂದ ಒಂದು ಸೊಲ್ಲಿಲ್ಲ. ಮುಗಿಯಿತು, ಏಳನೇ ನಂಬರೇ ಗತಿ, ಎಂದುಕೊಂಡರು. ಅಷ್ಟರಲ್ಲಿ ಅವರ ಹೆಲ್ಮೆಟ್ಟಿನ ಹಿಂಭಾಗಕ್ಕೆ ಏನೋ ಮೆತ್ತಗೆ ಟಕ್ ಎಂದು ತಾಗಿತು. ಎಡಗನ್ನಡಿಯನ್ನು ಬೆರಳಲ್ಲಿ ತುಸು ತಿರುಗಿಸಿ ನೋಡಿದರು. ಟೀಚರಮ್ಮ ಬೆನ್ನಿನ ದಿಂಬಿಗೂ ಗಂಡನ ಬೆನ್ನಿಗೂ ನಡುವೆ ಬೆಚ್ಚಗೆ ಸಿಕ್ಕಿಕೊಂಡು, ಬಾಯಿ ಅರ್ಧ ತೆರೆದು, ನಿದ್ದೆಹೋಗಿದ್ದರು.

ಇಪ್ಪತ್ತೊಂದು ಪ್ರವಾಸದಲ್ಲಿ ಆ ಸೀಟಿನ ಮೇಲೆ ಆಕೆ ಒಂದು ಕ್ಷಣ ಕಣ್ಣು ಮುಚ್ಚಿದ್ದಿಲ್ಲ.

ಸೇತುವೆ ಬಂತು. ನಿಲ್ಲಿಸಿದರೆ ಎಚ್ಚರವಾಗುತ್ತದೆ. ಸಾಹೇಬರು ನಿಲ್ಲಿಸಲಿಲ್ಲ. ಮೊದಲ ಸಲ ತಾವೊಬ್ಬರೇ ಎಂಬಂತೆ ಸೇತುವೆ ದಾಟಿದರು. ಹಳ್ಳ ತಪ್ಪಿಸುತ್ತ, ಗಂಟೆಗೆ ನಲವತ್ತರ ಮೇಲೆ ಏರದೆ, ಸೈಕಲ್ಲಿನವನೊಬ್ಬ ಹಿಂದೆ ಹಾಕಲು ಹವಣಿಸಿದರೂ ಬೇಸರಿಸದೆ, ಊರುಗಳ ಮೇಲೆ ಊರು ದಾಟಿದರು. ಎದುರು ಬಂದ ಲಾರಿಯವನು ಹಾರ್ನು ಹಾಕಲು ಕೈ ಎತ್ತಿದಾಗ ಸಾಹೇಬರು ತುಟಿಗೆ ಬೆರಳಿಟ್ಟು ತೋರಿಸಿದರು. ಅವನು ಪಾಪ, ಹಾಕಲಿಲ್ಲ.

ಪೆಟ್ರೋಲ್ ಮುಗಿಯುತ್ತ ಬಂದದ್ದರಿಂದ ಎಪ್ಪತ್ತನೇ ಕಿಲೋಮೀಟರಿನಲ್ಲಿ ಬಂಕಿಗೆ ಹೋಗಲೇಬೇಕಾಯಿತು. ಎಂಜಿನ್ ನಿಂತೊಡನೆ ಟೀಚರಮ್ಮ ಕಣ್ಣು ಬಿಟ್ಟರು.

“ಸೇತುವೆ ಬಂತಾ?”

“ಬಂದು ಹೋಯ್ತು.”

“ಯಾವಾಗ?”

“ಒಂದು ಗಂಟೆ ಮೇಲಾಯ್ತು.”

ಟೀಚರಮ್ಮ ಸುತ್ತ ನೋಡಿದರು, ಕಾಲು ಅಲುಗಿಸಿ ನೋಡಿದರು, ಸೊಂಟಕ್ಕೆ ಕೈಯಿಟ್ಟು ನೋಡಿದರು. ಎಲ್ಲವೂ ಅದರದರ ಜಾಗದಲ್ಲೇ ಇದ್ದವು. ಪರ್ಸು ತೆರೆದು ಟಿಕೆಟ್ ತೆಗೆದರು. ಸಾಹೇಬರು ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ತಿರುಗಿಸುತ್ತಿದ್ದರು.

“ಇದನ್ನ ಪಾನಾಗೆ ಕೊಟ್ಬಿಡೋಣ ರೀ. ಸಮುದ್ರ ನೋಡ್ಲಿ ಪಾಪ. ನಮಗಿಂತ ಮೊದಲು ಹೋಗಿರ್ತಾನೆ, ರೂಮಿನ ಬೀಗ ತೆಗೆಸಿರ್ತಾನೆ.”

ಸಾಹೇಬರು ಮುಚ್ಚಳ ಬಿಗಿದು ತಿರುಗಿದರು. ಸರಕಾರಿ ಧ್ವನಿ ಬರಲಿಲ್ಲ. “ಹಾಗಾದ್ರೆ ಸೀಲು ಒತ್ತಬಹುದಾ?”

“ತಡೀರಿ. ಬರ್ತಾ ಭಾರ ಇತ್ತು ಅಷ್ಟೆ, ಎಚ್ಚರ ಎಲ್ಲಿತ್ತು? ವಾಪಸ್ ಹೋಗ್ತಾ ಸರಿಯಾಗಿ ನೋಡಿ ಹೇಳ್ತೀನಿ.”

ಗಾಡಿ ಹೊರಟಿತು. ಹತ್ತು ನಿಮಿಷವೂ ಆಗಿರಲಿಲ್ಲ, ಹೆಲ್ಮೆಟ್ಟಿನ ಹಿಂದೆ ಮತ್ತೆ ಟಕ್ ಎಂದಿತು. ಸಾಹೇಬರು ಒಂದು ಗೇರು ಇಳಿಸಿ, ಮನೆಗೆ ಹೋಗುವ ಸುತ್ತುದಾರಿ ಯಾವುದೆಂದು ನೆನಪು ಮಾಡಿಕೊಳ್ಳತೊಡಗಿದರು.