ಹನ್ನೊಂದು ಜೋಬುಗಳಲ್ಲಿ ನನ್ನ ದನಿ

ನಾನು ಲೆಕ್ಕದ ಟೀಚರು. ಮನೆ ಮಾಗಡಿಯಲ್ಲಿ, ಶಾಲೆ ತಿಪ್ಪಸಂದ್ರದಿಂದ ಸ್ವಲ್ಪ ಆಚೆಗಿನ ಹಳ್ಳಿಯಲ್ಲಿ. ಇಪ್ಪತ್ತಮೂರು ವರ್ಷದಿಂದ ಒಂದೇ ಹೈಸ್ಕೂಲು. ಹಾಗಾಗಿ ಈಗಿನ ಮಕ್ಕಳ ಅಪ್ಪಂದಿರಲ್ಲಿ ಕೆಲವರು ಒಂದು ಕಾಲಕ್ಕೆ ನನ್ನ ಮುಂದೆಯೇ ಮಗ್ಗಿ ಒಪ್ಪಿಸಲಾರದೆ ಬೆಂಚಿನ ಮೇಲೆ ನಿಂತವರು.

ಎರಡು ವರ್ಷದ ಹಿಂದೆ ನಮ್ಮ ಹತ್ತನೇ ತರಗತಿಯಲ್ಲಿ ಇಪ್ಪತ್ತೆರಡು ಮಕ್ಕಳಿದ್ದರು. ಬುದ್ಧಿಗೆ ಕಡಿಮೆಯಿರಲಿಲ್ಲ, ಯಾವ ದಿನ ಯಾವುದು ಎಂಬ ಅಂದಾಜು ಮಾತ್ರ ಇರಲಿಲ್ಲ. ವಿಜ್ಞಾನದ ಕಿರುಪರೀಕ್ಷೆಗೆ ಇಂಗ್ಲಿಷ್ ಓದಿಕೊಂಡು ಬರುತ್ತಿದ್ದರು. ಸಂಜೆ ಪುಸ್ತಕ ತೆಗೆದರೆ ಪಕ್ಕದಲ್ಲಿ ಮನೆಯ ಫೋನು, ಒಂದು ಲೆಕ್ಕಕ್ಕೆ ನಾಲ್ಕು ರೀಲ್ಸು. ಫೋನ್ ಮುಟ್ಟಬೇಡಿ ಎಂದು ಹೇಳಿ ಹೇಳಿ ನನ್ನ ಗಂಟಲು ಕೆಟ್ಟಿತ್ತು. ಒಂದು ದಿನ ಬಸ್ಸಿನಲ್ಲಿ ಕೂತಿದ್ದಾಗ ಹೊಳೆಯಿತು. ಮುಟ್ಟಬೇಡಿ ಅಂದರೆ ಮುಟ್ಟೇ ಮುಟ್ಟುತ್ತಾರೆ. ಮುಟ್ಟಿ, ಆದರೆ ಹೀಗೆ ಮುಟ್ಟಿ ಅಂದು ನೋಡಿದರೆ ಹೇಗೆ?

ಹೆಡ್‌ಮಾಸ್ಟರರನ್ನು ಒಪ್ಪಿಸಿ, ಒಂದು ಶನಿವಾರ ಎಲ್ಲರೂ ಮನೆಯ ಫೋನು ತನ್ನಿ ಎಂದೆ. ಇಪ್ಪತ್ತೆರಡು ಫೋನುಗಳು ನನ್ನ ಮೇಜಿನ ಮೇಲೆ ಸಾಲಾಗಿ ಮಲಗಿದವು. ಒಂದಕ್ಕೆ ರಬ್ಬರ್ ಬ್ಯಾಂಡು ಸುತ್ತಿತ್ತು, ಒಂದರ ಬೆನ್ನಿಗೆ ಅರಿಶಿನದ ಬೆರಳಿನ ಗುರುತು, ಇನ್ನೊಂದು ಹಿಂಡಿಯ ವಾಸನೆ ಹೊಡೆಯುತ್ತಿತ್ತು. ಯಾವುದು ಯಾರ ಮನೆಯದು ಎಂದು ಕೇಳುವ ಅಗತ್ಯವೇ ಬೀಳಲಿಲ್ಲ.

ಕ್ಯಾಲೆಂಡರಿನಲ್ಲಿ ಪರೀಕ್ಷೆಗಳನ್ನು ಬರೆದೆವು. ಯಾವ ವಾರ ಯಾವ ಪಾಠ ಎಂದು ಬಣ್ಣ ಹಾಕಿದೆವು. ಅರ್ಧ ಗಂಟೆಯ ಟೈಮರ್ ಇಡುವುದನ್ನು ಕಲಿಸಿದೆ. ಟೈಮರ್ ಇಟ್ಟ ಮೇಲೆ ಫೋನನ್ನು ಎಲ್ಲಿಡಬೇಕು ಎಂದು ಕೇಳಿದರು. ಕೈಗೆ ಸಿಗದ ಕಡೆ, ಎಂದೆ. ವಾಚಾಳಿ ಹುಡುಗಿಯೊಬ್ಬಳಿದ್ದಳು, ಎದ್ದು ನಿಂತು, "ರಾಗಿ ಡಬ್ಬಕ್ಕೆ ಹಾಕ್ಬುಡ್ತೀವಿ ಮಿಸ್. ನಮ್ಮಜ್ಜಿ ಮುಚ್ಚಳದ ಮೇಲೆ ಕೂತ್ಕತಾಳೆ. ಟೈಮರ್ ಹೊಡ್ಕಳ್ಳೋಗಂಟ ಏಳಲ್ಲ" ಅಂದಳು. ತರಗತಿ ಬಿದ್ದು ಬಿದ್ದು ನಕ್ಕಿತು. ಆದರೆ ಅದಕ್ಕಿಂತ ಒಳ್ಳೆಯ ಉಪಾಯ ನನಗೂ ಗೊತ್ತಿರಲಿಲ್ಲ, ಹಾಗೇ ಮಾಡಿ ಎಂದುಬಿಟ್ಟೆ.

ಆಮೇಲೆ ಅಲಾರಂ. ಸೋಮವಾರದಿಂದ ಶನಿವಾರದವರೆಗೆ ಸಂಜೆ ಆರೂವರೆಗೆ ಎಲ್ಲರೂ ಓದಲು ಕೂರಬೇಕು. ಬರೀ ಗಂಟೆ ಹೊಡೆದರೆ ಯಾರದೋ ಕಾಲ್ ಬಂತು ಅಂದುಕೊಂಡು ಕಟ್ ಮಾಡುತ್ತೇವೆ ಎಂದರು. "ನಿಮ್ಮ ದನಿ ಹಾಕ್ಕೊಡಿ ಮಿಸ್, ಹೆದ್ರುಕೊಂಡು ಕೂತ್ಕತೀವಿ" ಅಂದರು. ನನಗೂ ಉಮೇದು ಬಂತು. ನೀರು ಕುಡಿದು, ಸೆರಗು ಸರಿಮಾಡಿಕೊಂಡು, ತರಗತಿಯ ಗಡಸು ದನಿಯಲ್ಲಿ ಹೇಳಿದೆ: "ಆರೂವರೆ ಆಯ್ತು. ಆಟ ಸಾಕು. ಲೆಕ್ಕದ ಪುಸ್ತಕ ತೆಗಿ. ನಾನು ನೋಡ್ತಾನೇ ಇದೀನಿ." ಅದನ್ನೇ ಇಪ್ಪತ್ತೆರಡು ಫೋನುಗಳಿಗೂ ಕಳಿಸಿ ಅಲಾರಂ ಮಾಡಿಕೊಟ್ಟೆ. ದೊಡ್ಡ ಕೆಲಸ ಮುಗಿಸಿದ ಖುಷಿಯಲ್ಲಿ ಮನೆಗೆ ಬಂದು ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದೆ.

ಸೋಮವಾರ ವಿಶೇಷ ತರಗತಿ ಮುಗಿಸಿ ಹೊರಬರುವಷ್ಟರಲ್ಲಿ ನನ್ನ ಬಸ್ಸು ಹೋಗಿತ್ತು. ಮುಂದಿನದಕ್ಕೆ ಕಾಯುತ್ತಾ ನಿಂತೆ. ಬಸ್‌ಸ್ಟಾಪಿನ ಎದುರಿಗೇ ಊರಿನ ಹಾಲಿನ ಡೈರಿ. ಕ್ಯಾನು, ಸ್ಟೀಲ್ ಚೆಂಬು ಹಿಡಿದು ಇಪ್ಪತ್ತು ಮೂವತ್ತು ಗಂಡಸರು ಸಾಲು ನಿಂತಿದ್ದರು. ಒಬ್ಬ ಹಾಲು ಸುರಿಯುತ್ತಿದ್ದ, ಡೈರಿಯ ಸೆಕ್ರೆಟರಿ ಅಳೆಯುತ್ತಿದ್ದರು.

ಆರೂವರೆ ಆಯಿತು.

ಮೊದಲು ಒಂದು ಜೋಬಿನಿಂದ ನನ್ನ ದನಿ ಬಂತು. "ಆರೂವರೆ ಆಯ್ತು." ಎರಡನೇ ಜೋಬು ಒಂದು ಕ್ಷಣ ತಡವಾಗಿ ಶುರು ಮಾಡಿತು. ಆಮೇಲೆ ಮೂರು, ನಾಲ್ಕು, ಐದು. ಒಂದು ನಾನು "ಆಟ ಸಾಕು" ಎನ್ನುವಾಗ ಇನ್ನೊಂದು ನಾನು "ಪುಸ್ತಕ ತೆಗಿ" ಎನ್ನುತ್ತಿದ್ದೆ. ಕಡೆಗೆ ಹನ್ನೊಂದು ಜೋಬುಗಳೂ ಸೇರಿ ಸಂತೆಯಾಯಿತು. ಹಾಲು ಸುರಿಯುತ್ತಿದ್ದವನ ಕೈ ಅಲ್ಲಾಡಿ ಅರ್ಧ ಹಾಲು ಸೆಕ್ರೆಟರಿಯವರ ಕಾಲ ಮೇಲೆ ಬಿತ್ತು. ಸಾಲಿನ ಕೊನೆಯಲ್ಲಿದ್ದ ನನ್ನ ಹಳೇ ಶಿಷ್ಯನೊಬ್ಬ, ಈಗ ಆ ವಾಚಾಳಿ ಹುಡುಗಿಯ ಅಪ್ಪ, "ನಾನು ನೋಡ್ತಾನೇ ಇದೀನಿ" ಎಂದು ಜೋಬು ಹೇಳಿದ್ದೇ ತಡ, ಬಾಯಲ್ಲಿದ್ದ ಬೀಡಿ ಬಿಸಾಡಿ ನೆಟ್ಟಗೆ ನಿಂತುಬಿಟ್ಟ.

ನಾನು ಬಸ್‌ಸ್ಟಾಪಿನ ಕಂಬದ ಹಿಂದೆ ಸರಿದೆ. ಭಯವೂ ಆಗುತ್ತಿತ್ತು, ನಗುವೂ ಒತ್ತರಿಸಿ ಬರುತ್ತಿತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡೆ. ಮಕ್ಕಳು ಮನೆಯಲ್ಲಿರುವ ಹೊತ್ತಿಗೆ ಫೋನು ಎಲ್ಲಿರುತ್ತದೆ ಎಂದು ನಾನು ಕೇಳಿಯೇ ಇರಲಿಲ್ಲ.

ಹಳೇ ಶಿಷ್ಯ ಅತ್ತಿತ್ತ ನೋಡಿ ನನ್ನನ್ನು ಕಂಡುಬಿಟ್ಟ.

"ಮಿಸ್, ನಿಜ್ವಾಗ್ಲೂ ನೋಡ್ತಾನೇ ಇದೀರಲ್ಲ" ಅಂದ.

ಡೈರಿಗೆ ಡೈರಿಯೇ ಗೊಳ್ಳೆಂದಿತು. ಇನ್ನು ಅಡಗಿ ಉಪಯೋಗವಿಲ್ಲವೆಂದು ರಸ್ತೆ ದಾಟಿ ಹೋದೆ. ತಪ್ಪು ನನ್ನದೇ, ನಾಳೆಯೇ ಅಲಾರಂ ಏಳೂಕಾಲಕ್ಕೆ ಬದಲಾಯಿಸುತ್ತೇನೆ ಎಂದೆ.

ಸೆಕ್ರೆಟರಿ ಕಾಲು ಒರೆಸಿಕೊಳ್ಳುತ್ತಾ, "ಬ್ಯಾಡಿ ಮೇಡಂ. ಏಳರ ಮ್ಯಾಲೆ ಎಲ್ಲಾರ ಮನೇಲೂ ಸೀರಿಯಲ್ಲು. ಹೆಂಗಸ್ರು ನಿಮ್ಮ ಮ್ಯಾಲೆ ಜಗಳಕ್ ಬತ್ತಾರೆ" ಅಂದರು.

"ಈಗ ನೋಡಿ, ಮಗಳು ಮನೇಲಿ, ಮಿಸ್ಸು ಜೋಬಲ್ಲಿ. ಇದ್ಕೇನ್ ಮಾಡಾನ?" ಎಂದು ಇನ್ನೊಬ್ಬ ಕೇಳಿದ.

"ಫೋನ್ ಮನೇಲೇ ಬುಟ್ಟು ಬರೋದಪ್ಪ. ಆಲಿಗೂ ಫೋನಿಗೂ ಏನ್ ಸಮ್ಮಂದ?" ಅಂದ ಹಳೇ ಶಿಷ್ಯ. ಸಾಲಿನಲ್ಲಿ ಒಂದು ಗೊಣಗಾಟ ಎದ್ದು ಅಡಗಿತು. ಅಷ್ಟರಲ್ಲಿ ಬಸ್ಸು ಬಂತು. ಮಾಗಡಿಯವರೆಗೂ ನಾನು ಒಬ್ಬಳೇ ನಗುತ್ತಾ ಕೂತಿದ್ದೆ. ಪಕ್ಕದ ಸೀಟಿನ ಅಜ್ಜಿ ಎದ್ದು ಬೇರೆ ಕಡೆ ಹೋಗಿ ಕೂತರು.

ಮರುದಿನ ತರಗತಿಯಲ್ಲಿ, "ಫೋನು ಡೈರಿಗೆ ಹೋಗುತ್ತೆ ಅಂತ ನಿಮಗೆ ಗೊತ್ತಿರಲಿಲ್ಲವೇನ್ರೋ?" ಎಂದು ಕೇಳಿದೆ.

"ಗೊತ್ತಿತ್ತು ಮಿಸ್. ನೀವು ಕೇಳ್ಳಿಲ್ಲ" ಅಂದರು.

ಅಂದಿನಿಂದ ಆ ಹನ್ನೊಂದು ಫೋನುಗಳು ಆರಕ್ಕೆಲ್ಲ ಮನೆ ಸೇರತೊಡಗಿದವು. ಎಲ್ಲ ಸಲೀಸಾಗಿ ನಡೆಯಿತು ಎಂದೇನಲ್ಲ. ಮೂವರು ಮಕ್ಕಳು ಟೈಮರ್ ಇಟ್ಟು ಡಬ್ಬಕ್ಕೆ ಹಾಕಿದ ಫೋನನ್ನು ಅಜ್ಜಿಯಂದಿರ ಕಣ್ಣು ತಪ್ಪಿಸಿ ತೆಗೆದುಕೊಂಡು ಹೋಗುತ್ತಿದ್ದರು ಎಂದು ಒಬ್ಬ ಅಜ್ಜಿಯೇ ಬಂದು ದೂರು ಕೊಟ್ಟರು. ಆದರೂ ಒಂದು ತಿಂಗಳಲ್ಲಿ ತಪ್ಪು ದಿನಕ್ಕೆ ತಪ್ಪು ಪುಸ್ತಕ ತರುವುದು ನಿಂತಿತು. ತ್ರಿಭುಜಗಳ ಪರೀಕ್ಷೆಗೆ ಎಲ್ಲರೂ ತ್ರಿಭುಜವನ್ನೇ ಓದಿ ಬಂದ ದಿನ ನಾನು ಇಡೀ ತರಗತಿಗೆ ಕಡ್ಲೆಮಿಠಾಯಿ ಹಂಚಿದೆ.

ನನಗೆ ಯೋಚನೆ ಇದ್ದದ್ದು ಕಡೇ ಬೆಂಚಿನ ಒಬ್ಬ ಹುಡುಗಿಯದು. ಮಾತೇ ಆಡದ ಮಗು. ಅಮ್ಮ ಇರಲಿಲ್ಲ. ಅಪ್ಪ ಗೂಡ್ಸ್ ಆಟೋ ಓಡಿಸುತ್ತಿದ್ದರು, ತೆಂಗಿನಕಾಯಿ ತುಂಬಿಕೊಂಡು ಮಾಗಡಿ, ರಾಮನಗರ ಎಂದು ಸಂಜೆಯೆಲ್ಲ ರಸ್ತೆಯ ಮೇಲೆ. ಫೋನು ಮನೆಯಲ್ಲಿ ಬಿಟ್ಟರೆ ಅವರಿಗೆ ಬಾಡಿಗೆ ಇಲ್ಲ. ಆದರೂ ಆ ಹುಡುಗಿ ದಿನಾ ಹೋಂವರ್ಕ್ ಮಾಡಿಕೊಂಡು ಬರುತ್ತಿದ್ದಳು. ಹೇಗೆ ಎಂದು ಕೇಳಿದರೆ ತಲೆ ತಗ್ಗಿಸಿ ನಗುತ್ತಿದ್ದಳು.

ಮಾಗಡಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸಂಜೆ ಅವಳ ಅಪ್ಪನೇ ಆಟೋ ನಿಲ್ಲಿಸಿ ಮಾತಾಡಿಸಿದರು. ಅಷ್ಟರಲ್ಲಿ ಅವರ ಜೋಬಿನಲ್ಲಿ ನಾನು ಕೂಗಿದೆ. "ಒಸಿ ಇರಿ ಮೇಡಂ" ಎಂದು ಅವರು ಅಲಾರಂ ನಿಲ್ಲಿಸಿ ಎಲ್ಲಿಗೋ ಫೋನ್ ಮಾಡಿದರು. "ಅವ್ವಾ, ಮಿಸ್ಸು ಕರೀತಾವ್ರೆ ಅಂತ ಹೇಳವ್ವ. ಇವತ್ತು ತ್ರಿಕೋನಮಿತಿ ಅಂತ ಐತೆ." ಫೋನಿಟ್ಟು ನನ್ನ ಕಡೆ ತಿರುಗಿ, "ಪಕ್ಕದ ಮನೆ ಸೊಸೆಗೆ ಮಾಡಿದ್ದು. ದಿನಾ ಅವಳೇ ಓಗಿ ಹೇಳ್ತಾಳೆ. ನಾನು ಎಲ್ಲಿದ್ರೂ ಗಾಡಿ ಸೈಡಿಗೆ ಹಾಕಿ ಫೋನ್ ಮಾಡೇ ಮಾಡ್ತೀನಿ" ಅಂದರು. ಅವರು ಒಂದು ಎಳನೀರು ಕೊಚ್ಚಿ ಕೈಗಿಟ್ಟು ಹೊರಟರು.

ಪರೀಕ್ಷೆ ಬಂತು, ಮುಗಿಯಿತು. ಇಪ್ಪತ್ತು ಮಕ್ಕಳು ಪಾಸಾದರು. ಉಳಿದ ಇಬ್ಬರಲ್ಲಿ ಒಬ್ಬಳು ಎರಡನೇ ಸಲ ಬರೆದು ಗೆದ್ದಳು, ಒಬ್ಬ ಗ್ಯಾರೇಜಿಗೆ ಸೇರಿದ. ಕಡೇ ಬೆಂಚಿನ ಹುಡುಗಿಗೆ ಲೆಕ್ಕದಲ್ಲಿ ಎಂಬತ್ತೊಂದು. ನಾನು ಮೊಬೈಲಿನಲ್ಲಿ ನೋಡಿದ್ದನ್ನು ನಂಬದೆ ಗಂಡನ ಮೊಬೈಲಿನಲ್ಲೂ ನೋಡಿದೆ.

ಆ ಭಾನುವಾರ ಗೂಡ್ಸ್ ಆಟೋ ನಮ್ಮ ಮನೆ ಮುಂದೆ ಬಂದು ನಿಂತಿತು. ಅಪ್ಪ, ಮಗಳು, ಜೊತೆಗೆ ಇಪ್ಪತ್ತೈದರ ಆಸುಪಾಸಿನ ಒಬ್ಬ ಹೆಣ್ಣುಮಗಳು. ಪಕ್ಕದ ಮನೆಯ ಸೊಸೆ ಎಂದರೆ ಇವಳೇ. ಮೈಸೂರುಪಾಕಿನ ಡಬ್ಬಿ ಕೊಟ್ಟು ಮೂವರೂ ಚಾಪೆಯ ಮೇಲೆ ಕೂತರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡೆಗೆ ಮಾತೇ ಆಡದ ಹುಡುಗಿ ಬಾಯಿಬಿಟ್ಟಳು.

"ಮಿಸ್, ಅಕ್ಕ ದಿನಾ ಹೇಳಕ್ಕೆ ಬಂದು ಹಂಗೇ ನನ್ ಜೊತೆ ಕೂತ್ಕತಿದ್ರು. ನನಗಿಂತ ಮುಂಚೆ ಲೆಕ್ಕ ಮಾಡ್ಬುಡ್ತಿದ್ರು."

ಆ ಹೆಣ್ಣುಮಗಳು ನಾಚಿ ಕೆಂಪಾದಳು. "ಒಂಬತ್ತನೇ ಕ್ಲಾಸಿಗೇ ಸ್ಕೂಲ್ ಬುಡಿಸ್ಬುಟ್ರು ಮೇಡಂ. ಈಗ ನಾನೂ ಪರೀಕ್ಷೆ ಕಟ್ಟಬೌದಾ? ಅತ್ತೆ ಕಟ್ಟು ಅಂದವ್ರೆ."

ಕಟ್ಟಬಹುದು, ಖಾಸಗಿಯಾಗಿ ಕಟ್ಟಬಹುದು, ಅರ್ಜಿ ಕರೆಯಲು ಇನ್ನೂ ತಿಂಗಳುಗಳಿವೆ ಎಂದೆ. ಅವಳಿಗೆ ಅಷ್ಟು ದಿನ ಕಾಯುವ ಮನಸ್ಸಿರಲಿಲ್ಲ. ಫೋಟೋನಾದರೂ ಈಗಲೇ ತೆಗೆದಿಡಿ ಎಂದಳು. ನನ್ನ ಗಂಡನ ಬಿಳಿ ಪಂಚೆಯನ್ನು ಬಾಗಿಲಿಗೆ ಅಡ್ಡ ಹರಡಿದೆವು, ಒಂದು ಕೊನೆ ಅವರು ಹಿಡಿದರು, ಇನ್ನೊಂದು ಕೊನೆ ಆಟೋದವರು. ನಾನು ಮೊಬೈಲ್ ಎತ್ತಿದರೆ ಅವಳಿಗೆ ನಗು. ಅವಳು ಸುಮ್ಮನಾದರೆ ಹುಡುಗಿಗೆ ನಗು. ಹುಡುಗಿಯನ್ನು ಹೊರಗೆ ಕಳಿಸಿದರೆ ಪಂಚೆ ಹಿಡಿದ ಗಂಡಸರಿಬ್ಬರೂ ಕುಲುಕುಲು. ಎಂಟು ಫೋಟೋ ತೆಗೆದೆ, ಎಂಟರಲ್ಲೂ ಅವಳ ಹಲ್ಲೇ ಹಲ್ಲು. ಅರ್ಜಿಗೆ ಇದಾಗುವುದಿಲ್ಲವಮ್ಮ, ಬಾಯಿ ಮುಚ್ಚಬೇಕು ಎಂದೆ. ಒಂಬತ್ತನೆಯದಕ್ಕೆ ಅವಳು ಬಾಯಿ ಮುಚ್ಚಿಕೊಂಡಳು, ಮೊಬೈಲು ಹಿಡಿದ ನಾನೇ ನಕ್ಕುಬಿಟ್ಟೆ, ಫೋಟೋದಲ್ಲಿ ಬರೀ ಪಂಚೆ ಬಂತು.