ಕರಿ ಕಾಫಿಯ ಮೇಲಿನ ಜಿಡ್ಡು

2022ರಲ್ಲಿ ನಾನು ತುಮಕೂರಿನ ಮರಳೂರಿನಲ್ಲಿ ಫಿಜಿಶಿಯನ್ ಆಗಿ ಕ್ಲಿನಿಕ್ ನಡೆಸುತ್ತಿದ್ದೆ. ಗುಬ್ಬಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ರುದ್ರೇಶಪ್ಪ ನನ್ನ ಪೇಷೆಂಟ್. ಅವರ ತಂದೆ, ದೊಡ್ಡಣ್ಣ ಇಬ್ಬರೂ ಐವತ್ತು ತುಂಬುವ ಮೊದಲೇ ಹಾರ್ಟ್ ಅಟ್ಯಾಕ್‌ನಿಂದ ಹೋಗಿದ್ದರು. ಉಳಿದವರು ಇವರು, ಮತ್ತು ಕುಣಿಗಲ್‌ನಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದ ತಮ್ಮ ಶಿವಣ್ಣ. ರುದ್ರೇಶಪ್ಪನವರಿಗೆ ಆಗಲೇ ನಲವತ್ತೊಂಬತ್ತು.

ಎಲ್‌ಡಿಎಲ್ ಅಂದರೆ ರಕ್ತನಾಳದಲ್ಲಿ ಕೂತು ದಾರಿ ಕಟ್ಟುವ ಕೆಟ್ಟ ಕೊಲೆಸ್ಟ್ರಾಲ್. ಮಾತ್ರೆ ಕೊಟ್ಟರೂ ಅವರದು ಏರುತ್ತಲೇ ಇತ್ತು. ನನಗೆ ರೇಗಿಹೋಯಿತು.

"ಕದ್ದು ತುಪ್ಪ ತಿಂತಿದೀರೇನ್ರೀ?"

"ಶಿವನಾಣೆಗೂ ಇಲ್ಲ ಮೇಡಂ. ತುಪ್ಪ ಬಿಟ್ಟೆ, ಕೊಬ್ಬು ಅಂತ ಹಾಲೂ ಬಿಟ್ಟೆ. ದಿನವೆಲ್ಲ ಬರೀ ಕರಿ ಕಾಫಿ. ನೋಡಿ ಬೇಕಾದ್ರೆ."

ಫ್ಲಾಸ್ಕಿನಿಂದ ಲೋಟಕ್ಕೆ ಬಗ್ಗಿಸಿದರು. ಟ್ಯೂಬ್‌ಲೈಟ್ ಬೆಳಕಲ್ಲಿ ಕಪ್ಪು ಕಾಫಿಯ ಮೇಲೆ ಹೊಂಬಣ್ಣದ ಜಿಡ್ಡು ತೇಲುತ್ತಿತ್ತು. ಸಾರಿನ ಮೇಲಿನ ಒಗ್ಗರಣೆ ಎಣ್ಣೆಯ ಹಾಗೆ.

"ಹೆಂಗ್ ಮಾಡ್ತೀರಿ ಇದನ್ನ?"

"ಪುಡಿ ಚೆನ್ನಾಗಿ ಕುದ್ಸಿ, ಗಸಿ ಕೂತ್ಮೇಲೆ ಬಗ್ಗಿಸ್ಕಳದು."

ಅಯ್ಯೋ ಶಿವನೇ ಅಂದುಕೊಂಡೆ. ಕಾಫಿ ಬೀಜದಲ್ಲೇ ಎಣ್ಣೆ ಇದೆ. ಅದರಲ್ಲಿರುವ ಕೆಫೆಸ್ಟಾಲ್ ಎಂಬ ಅಂಶ ಎಲ್‌ಡಿಎಲ್ ಏರಿಸುತ್ತದೆ. ಕಾಫಿ ಸೋಸುವ ಫಿಲ್ಟರ್ ಪೇಪರ್ ಅದನ್ನು ಬಹುಪಾಲು ಹಿಡಿದಿಡುತ್ತದೆ. ಕುದಿಸಿ ಬಗ್ಗಿಸಿದರೆ ಅಷ್ಟೂ ಹೊಟ್ಟೆಗೆ. ಹಾಲಿನ ಕೊಬ್ಬಿಗೆ ಹೆದರಿದ ಮನುಷ್ಯ ಈ ಎಣ್ಣೆಯನ್ನು ಪಥ್ಯ ಅಂತ ಕುಡಿಯುತ್ತಿದ್ದರು.

ಇದನ್ನು ಬಿಡಿಸಿ ಹೇಳಿದೆ. ಅವರು ಲೋಟ ದೂರ ತಳ್ಳಿದರು. "ಮೇಡಂ, ಶಿವಣ್ಣಂಗೂ ನಾನೇ ಹಾಲ್ ಬಿಡ್ಸಿ ಇದೇ ಕಾಫಿ ಹಿಡ್ಸಿದೀನಿ!"

ನನ್ನೆದುರೇ ಸ್ಪೀಕರ್ ಹಾಕಿ ಫೋನ್ ಮಾಡಿದರು. ಆ ಕಡೆಯಿಂದ ನಗು. "ಏ ಬುಡಣ್ಣ! ಕಾಫಿಲಿ ಎಣ್ಣೆನಾ? ಗುಂಡ್‌ಕಲ್ಲಂಗಿದೀನಿ ಕಣಣ್ಣ, ನಂಗ್ಯಾತಕ್ಕೆ ಟೆಸ್ಟು?" ನಾನೂ ಗದರಿದೆ. "ದೀಪಾವಳಿ ಹಬ್ಬ ಮುಗೀಲಿ, ಬರ್ತೀನಿ ಮೇಡಂ," ಎಂದ.

ಪೇಪರ್ ಫಿಲ್ಟರ್ ಬಳಸತೊಡಗಿದ ಮೇಲೆ, ಅದೇ ಮಾತ್ರೆಯಲ್ಲೇ ರುದ್ರೇಶಪ್ಪನವರ ಎಲ್‌ಡಿಎಲ್ ಇಳಿಯಿತು. ರಿಪೋರ್ಟ್ ನೋಡಿ ಕಣ್ಣೊರೆಸಿಕೊಂಡರು. ಶಿವಣ್ಣ ಮಾತ್ರ ಬರಲೇ ಇಲ್ಲ.

ದೀಪಾವಳಿ ಕಳೆದ ಮೇಲೆ ರುದ್ರೇಶಪ್ಪ ಒಬ್ಬರೇ ಬಂದು ನನ್ನ ಮೇಜಿನ ಮೇಲೆ ಒಂದು ಫ್ಲಾಸ್ಕ್ ಇಟ್ಟರು. ಅವರದಲ್ಲ.

"ಶಿವಣ್ಣನ ಗಲ್ಲಾ ಪಕ್ಕ ಇತ್ತು ಮೇಡಂ. ನಾನು ಕುಣಿಗಲ್‌ಗೆ ಹೋಗೋ ಹೊತ್ಗೆ ಅವನ ಮೈ ತಣ್ಣಗಾಗಿತ್ತು. ಕಾಫಿ ಇನ್ನೂ ಬಿಸಿ ಇತ್ತು."

ಕಾಫಿಯೊಂದೇ ಕೊಂದಿತು ಅನ್ನಲಾರೆ. ಆ ಮನೆತನದ ರಕ್ತದಲ್ಲೇ ರೋಗವಿತ್ತು. ಆದರೆ ಅಂದಿನಿಂದ, ಏನು ಬಿಟ್ಟಿರಿ ಅಂತ ಪೇಷೆಂಟ್‌ಗಳನ್ನು ಕೇಳಿ ಸುಮ್ಮನಾಗುವುದಿಲ್ಲ. ಅದರ ಬದಲಿಗೆ ಏನು ಹಿಡಿದಿರಿ, ನಿಮ್ಮನ್ನು ನೋಡಿ ಮನೆಯಲ್ಲಿ ಇನ್ಯಾರು ಹಿಡಿದರು ಅಂತಲೂ ಕೇಳುತ್ತೇನೆ. ಆ ಇನ್ನೊಬ್ಬರನ್ನು ಹಬ್ಬಕ್ಕೆ ಮೊದಲೇ ಕರೆದುಕೊಂಡು ಬನ್ನಿ ಅನ್ನುತ್ತೇನೆ.