ಪೊರಕೆಗೆ ಜಾಗವಿಲ್ಲದ ಕಟ್ಟಡ

ನನ್ನ ಚಿಕ್ಕಮ್ಮ ಮೂವತ್ತು ವರ್ಷದಿಂದ ಕಸ ಗುಡಿಸುತ್ತಿದ್ದಾಳೆ. ಹೊಸ ಕಟ್ಟಡ ಕಂಡರೆ ಕತ್ತೆತ್ತಿ ಬಾಯಿ ಬಿಡುವವಳಲ್ಲ. ಪೊರಕೆ, ಬಕೆಟ್ ಇಡಲು ಜಾಗ ಎಲ್ಲಿದೆ ಎಂದಷ್ಟೇ ಕೇಳುತ್ತಾಳೆ. ಆ ವರ್ಷ ನಮ್ಮೂರಲ್ಲಿ ಹಡಗಿನ ಆಕಾರದ, ಮಳೆ ಬಂದರೆ ಒಳಗೇ ನೀರು ನಿಲ್ಲುವ ಗ್ರಂಥಾಲಯ ಎದ್ದಿತು. ಮೊಟ್ಟೆಯಂಥ ಸಭಾಂಗಣ ಎದ್ದಿತು. ಗೋಡೆಯೆಲ್ಲ ಗಾಜೇ ಆದ ಕಚೇರಿಯೊಂದು ಎದ್ದಿತು. ಮೂರರಲ್ಲೂ ಗುಡಿಸಿದವಳು ಅವಳೇ, ಮೂರರಲ್ಲೂ ಪೊರಕೆ ಇಡಲು ಜಾಗವಿರಲಿಲ್ಲ.

"ಕಸ ತಾನಾಗೇ ಎದ್ದು ಹೋಗುತ್ತೆ ಅಂದ್ಕೊಂಡಿದಾರೆ, ಮಹಾ ಬುದ್ಧಿವಂತರು" ಎಂದು ಮೂಗು ಮುರಿದಳು.

ಗಾಜಿನ ಕಚೇರಿಗೆ ವರ್ಷದ ಶ್ರೇಷ್ಠ ಕಟ್ಟಡವೆಂಬ ಪ್ರಶಸ್ತಿ ಬಂತು. ಫೋಟೊ ತೆಗೆಯುವವರನ್ನು ಕರೆದುಕೊಂಡು ಅದರ ನಕ್ಷೆ ಬರೆದ ಮಹಾಶಯ ಬಂದ. ಕಂಬಕ್ಕೆ ಒರಗಿಸಿದ್ದ ಪೊರಕೆ ಕಂಡು ಮುಖ ಗಂಟಿಕ್ಕಿದ.

"ಇದನ್ನ ಎಲ್ಲಾದ್ರೂ ಇಡಮ್ಮ."

"ಎಲ್ಲಿಡ್ಲಿ ಸ್ವಾಮಿ? ನಕ್ಷೆ ಬರೆದೋರು ನೀವು, ನೀವೇ ತೋರ್ಸಿ."

ಅವನು ಪೊರಕೆ, ಬಕೆಟ್ ಹಿಡಿದು ಕಚೇರಿಯ ಮೂರೂ ಮಹಡಿ ಸುತ್ತಿದ. ಎಲ್ಲಿಟ್ಟರೂ ಗಾಜಿನಾಚೆ ಕಾಣುತ್ತಿತ್ತು. ಕೊನೆಗೆ ಬೆವರೊರೆಸಿಕೊಂಡು ತನ್ನ ಕಾರಿನ ಡಿಕ್ಕಿಗೇ ತುರುಕಿದ. ಫೋಟೊ ಮುಗಿದದ್ದೇ ತಡ, ಎಲ್ಲೋ ಭಾಷಣ ಬಿಗಿಯುವ ಆತುರದಲ್ಲಿ ಹಾಗೇ ಹೊರಟುಹೋದ.

ಮರುದಿನ ಬೆಳಿಗ್ಗೆ ಕಚೇರಿಯ ಮ್ಯಾನೇಜರ್ ಅರಚಿದ: "ಇನ್ನೂ ಯಾಕೆ ಗುಡಿಸಿಲ್ಲ?"

ಚಿಕ್ಕಮ್ಮ ಫೋಟೊಗೆಂದು ತರಿಸಿದ್ದ ಸೋಫಾದ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದಳು.

"ಪೊರಕೆ ಆ ಸಾಹೇಬ್ರ ಡಿಕ್ಕೀಲಿದೆ. ಫೋನ್ ಮಾಡಿ, ಬಂದು ಗುಡಿಸಿ ಹೋಗ್ಲಿ. ಹೇಗೂ ಅದನ್ನ ಹಿಡ್ಕೊಂಡು ಮೂರು ಮಹಡೀನೂ ಸುತ್ತಿ ಅಭ್ಯಾಸ ಆಗಿದೆ."